ಬ್ರೇಕಿನ ಕೆಂಪೆಣ್ಣೆ

ಪೊಲೀಸ್ ಕ್ಯಾಪ್ಟನ್ ವಿಲ್ಮಾ ಉಪ್ಪಿನಕಾಯಿಯ ಗಾಜಿನ ಭರಣಿಯೊಂದನ್ನು ಮೇಜಿನ ನಡುವೆ ಇಟ್ಟಳು. ಅದರ ಪಕ್ಕದಲ್ಲಿ ತನ್ನ ಕೈಗಡಿಯಾರವನ್ನು ಬಿಚ್ಚಿಟ್ಟಳು.

"ಇವತ್ತು ಬುಧವಾರ, ಈಗ ಒಂಬತ್ತೂವರೆ. ಹನ್ನೆರಡಕ್ಕೆ ನಿಮ್ಮನ್ನ ಹಿಡಿದಿಟ್ಟು ನಲವತ್ತೆಂಟು ಗಂಟೆ ತುಂಬತ್ತೆ. ಆಮೇಲೆ ಒಂದೋ ನೀವು ಮನೆಗೆ ಹೋಗ್ತೀರಿ, ಇಲ್ಲಾ ನ್ಯಾಯಾಧೀಶರ ಮುಂದೆ. ಮಧ್ಯದ ದಾರಿ ಇಲ್ಲ, ಅಲೋಯಿಸ್ ಅವರೇ."

ಅಲೋಯಿಸ್ ಭರಣಿಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಅರವತ್ತೊಂಬತ್ತು ವರ್ಷದ ಆಳು. ವಾಯುಪಡೆಯಲ್ಲಿ ಮೂವತ್ತು ವರ್ಷ ಜೆಟ್ ವಿಮಾನಗಳ ಮೆಕ್ಯಾನಿಕ್ ಆಗಿದ್ದವನು. ಠಾಣೆಯ ಮರದ ಕುರ್ಚಿಯಲ್ಲೂ ಕವಾಯತಿಗೆ ನಿಂತವನ ಹಾಗೆ ನೆಟ್ಟಗೆ ಕುಳಿತಿದ್ದ.

"ಎಷ್ಟು ಸಲ ಹೇಳಬೇಕು ಕ್ಯಾಪ್ಟನಮ್ಮ? ಗುರುವಾರ ನಾನು ಆ ಕಡೆ ತಲೆ ಹಾಕಿ ಕೂಡ ಮಲಗಿಲ್ಲ."

ಸುಳ್ಳು. ಅದು ಸುಳ್ಳೆಂದು ವಿಲ್ಮಾಗೆ ಗೊತ್ತಿತ್ತು, ಅವಳಿಗೆ ಗೊತ್ತಿದೆಯೆಂದು ಅವನಿಗೂ ಗೊತ್ತಿತ್ತು. ಗುರುವಾರ ಸಂಜೆ ಹಳೆಯ ಗೆಳೆಯ ಒತಕಾರನ ವಿಮಾನದ ಎಡಚಕ್ರದ ಪಕ್ಕ ಇವನು ಮಂಡಿಯೂರಿದ್ದನ್ನು ಪೊದ್ಲೇಸಿ ಊರಿನ ವಿಮಾನ ಕ್ಲಬ್ಬಿನ ಅಧ್ಯಕ್ಷ ಲಿಬೋರ್ ಕಣ್ಣಾರೆ ಕಂಡಿದ್ದ. ಶನಿವಾರ ಒತಕಾರ್ ಹುಲ್ಲುಹಾಸಿನ ಮೇಲೆ ಇಳಿದು ಬ್ರೇಕ್ ಒತ್ತಿದಾಗ ಅದೇ ಎಡಚಕ್ರ ಹಿಡಿದದ್ದು ಬಿಡಲಿಲ್ಲ. ವಿಮಾನ ಗಿರಕಿ ಹೊಡೆದು ಪ್ಲಮ್ ತೋಪಿಗೆ ನುಗ್ಗಿತು, ಒತಕಾರನ ಭುಜದೆಲುಬು ಮುರಿಯಿತು.

ಅದು ಅಂಗಡಿಯಿಂದ ತಂದ ವಿಮಾನವಲ್ಲ. ಒತಕಾರ್ ಮತ್ತು ಅಲೋಯಿಸ್ ಇಬ್ಬರೇ ಹನ್ನೊಂದು ವರ್ಷ ಕೊಟ್ಟಿಗೆಯಲ್ಲಿ ಕೂತು ಮರ, ಬಟ್ಟೆ, ಅಂಟು ಎಂದು ಜೀವ ತೇದು ಕಟ್ಟಿದ್ದ ಎರಡು ಸೀಟಿನ ಪುಟ್ಟ ವಿಮಾನ. ಹೋದ ಫೆಬ್ರವರಿಯಲ್ಲಿ ಇಬ್ಬರಿಗೂ ಮಾತು ಬಿಟ್ಟಿತು. ಕಾರಣ ಕೇಳಿದರೆ ಊರವರು ನಗುತ್ತಿದ್ದರು. ಎಂಜಿನ್ ಆಯಿಲ್.

"ಪಬ್ಬಿನಲ್ಲಿ ಎಲ್ಲರೆದುರಿಗೆ ಏನಂದಿದ್ರಿ?" ವಿಲ್ಮಾ ಕೇಳಿದಳು. "ಆ ಎಣ್ಣೆ ಹಾಕ್ಕೊಂಡು ಹಾರಾಡು, ಒಂದಿನ ಮರದಲ್ಲಿ ನೇತಾಡ್ತೀಯ ಅಂತ."

"ಅಂದಿದ್ದೆ. ಅಂದಿದ್ದು ಅಪರಾಧ ಅಲ್ಲ. ಮೋಟಾರ್‌ಸೈಕಲ್ ಎಣ್ಣೆ ಕಣಮ್ಮ ಅದು. ಆಕಾಶಕ್ಕೆ ಹೋಗೋ ಯಂತ್ರಕ್ಕೆ ಮೋಟಾರ್‌ಸೈಕಲ್ ಎಣ್ಣೆ."

"ಆ ಎಂಜಿನ್ನಿಗೆ ಅದೇ ಸರಿ ಅಂತ ಒತಕಾರ್ ಹೇಳ್ತಾರೆ. ಎಂಜಿನ್ನಿಗೂ ಪ್ರಾಪೆಲ್ಲರಿನ ಗೇರ್ ಪೆಟ್ಟಿಗೆಗೂ ಒಂದೇ ಎಣ್ಣೆ ಓಡತ್ತಂತೆ. ವಿಮಾನದ ಎಣ್ಣೆ ಹಾಕಿದ್ರೆ ಗೇರಿನ ಹಲ್ಲು ಸವೆಯತ್ತಂತೆ."

"ಅವನು ಹೇಳ್ತಾನೆ. ಅವನು ರೈಲ್ವೇಲಿ ಸಿಗ್ನಲ್ ಹಾಕ್ತಿದ್ದೋನು."

ವಿಲ್ಮಾಗೆ ನಗು ಬಂತು, ಆದರೆ ತೋರಿಸಲಿಲ್ಲ. ಅವಳ ಅಪ್ಪ ಮೋಟಾರ್‌ಸೈಕಲ್ ರಿಪೇರಿ ಶೆಡ್ ಇಟ್ಟಿದ್ದವರು. ಹತ್ತು ವರ್ಷದವಳಿದ್ದಾಗಲೇ ಬ್ರೇಕ್ ಬಿಚ್ಚಿ ಜೋಡಿಸುವುದು ಅವಳಿಗೆ ನೀರು ಕುಡಿದಷ್ಟು ಸಲೀಸಾಗಿತ್ತು. ಸೋಮವಾರ ರಾತ್ರಿ ಮಲಗುವ ಮುನ್ನ ಈ ಭರಣಿಯನ್ನು ಕಿಟಕಿಯ ಕಟ್ಟೆಯಲ್ಲಿಟ್ಟು ನೋಡಿದಾಗಲೇ ಅವಳಿಗೆ ಅರ್ಧ ಕಥೆ ಗೊತ್ತಾಗಿತ್ತು. ಉಳಿದರ್ಧ ಈ ಮುದುಕನ ಬಾಯಲ್ಲಿತ್ತು.

"ನೋಡಿ," ಎಂದು ಭರಣಿಯನ್ನು ಅವನ ಕಡೆ ತಳ್ಳಿದಳು. "ಎಡಚಕ್ರದ ಬ್ರೇಕಿನಿಂದ ಇಳಿಸಿದ್ದು. ನೋಡೋಕೇನು ಖರ್ಚಿಲ್ಲ."

ಮೂವತ್ತು ವರ್ಷದ ಅಭ್ಯಾಸ ಸೊಕ್ಕಿಗಿಂತ ದೊಡ್ಡದು. ಅಲೋಯಿಸನ ಕಣ್ಣು ತಾನಾಗಿಯೇ ಭರಣಿಗೆ ಇಳಿಯಿತು, ಅಲ್ಲೇ ನಿಂತಿತು. ಅದರಲ್ಲಿ ಎರಡು ಪದರಗಳಿದ್ದವು. ಮೇಲೆ ಕೆಂಪು, ಕೆಳಗೆ ತಿಳಿ ಹಳದಿ. ಒಂದರೊಳಗೊಂದು ಬೆರೆಯದೆ, ಗೆರೆ ಎಳೆದ ಹಾಗೆ ಬೇರೆಬೇರೆಯಾಗಿ ನಿಂತಿದ್ದವು.

"ಮೇಲಿನ ಕೆಂಪು ಏನು?"

"ವಿಮಾನದ ಹೈಡ್ರಾಲಿಕ್ ಎಣ್ಣೆ. ಕುರುಡನಿಗೂ ಗೊತ್ತಾಗತ್ತೆ."

"ಕೆಳಗಿನದು?"

ಅವನು ಮುಚ್ಚಳ ತೆಗೆದ. ಪೆನ್ಸಿಲ್ಲಿನ ತುದಿಯನ್ನು ತಳಕ್ಕೆ ಅದ್ದಿ, ಬೆರಳಿಗೆ ಸವರಿಕೊಂಡು ಉಜ್ಜಿದ. ಮೂಸಿದ. ಮತ್ತೊಮ್ಮೆ ಮೂಸಿದ.

"ಇದು ಬೈಕಿನ ಬ್ರೇಕ್ ಆಯಿಲ್," ಎಂದ. ಹುಬ್ಬು ಗಂಟಿಕ್ಕಿತು. "ಇದಕ್ಕೇನು ಕೆಲಸ ಇಲ್ಲಿ?"

ಆ ಒಂದು ಪ್ರಶ್ನೆಗಾಗಿಯೇ ವಿಲ್ಮಾ ಎರಡು ದಿನದಿಂದ ಕಾದಿದ್ದಳು. ಗೊತ್ತಿದ್ದು ಮಾಡಿದವನು ಆ ಪ್ರಶ್ನೆ ಕೇಳುತ್ತಿರಲಿಲ್ಲ.

"ನಾನು ಹೇಳ್ತೀನಿ, ತಪ್ಪಿದ್ರೆ ತಿದ್ದಿ," ಎಂದಳು. "ಗುರುವಾರ ಸಂಜೆ ಒತಕಾರ್ ಇಳಿದು ಬರೋದನ್ನ ನೀವು ಬೇಲಿ ಆಚೆಯಿಂದ ನೋಡಿದ್ರಿ. ವಿಮಾನ ನೆಲದ ಮೇಲೆ ಓಡುವಾಗ ಬಲಕ್ಕೆ ಎಳೀತಿತ್ತು. ಅಂದ್ರೆ ಎಡಗಡೆ ಬ್ರೇಕ್ ಸರಿಯಾಗಿ ಹಿಡೀತಿಲ್ಲ."

ಅಲೋಯಿಸ್ ಬೆರಳಿಗಂಟಿದ ಎಣ್ಣೆಯನ್ನು ಕರವಸ್ತ್ರಕ್ಕೆ ಒರೆಸಿಕೊಂಡ.

"ಅವರು ಮನೆಗೆ ಹೋದಮೇಲೆ ನೀವು ವಿಮಾನ ನಿಲ್ಲಿಸೋ ಹ್ಯಾಂಗರಿಗೆ ಹೋದ್ರಿ. ಕೈಪಂಪ್ ತಗೊಂಡು ಚಕ್ರದ ಬ್ರೇಕಿನ ನಿಪ್ಪಲ್ಲಿಂದ, ಅದೇ ಗಾಳಿ ಬಿಡೋ ತಿರುಪಿಂದ, ಎಣ್ಣೆ ಮೇಲಕ್ಕೆ ಒತ್ತಿದ್ರಿ, ಒಳಗಿದ್ದ ಗಾಳಿ ಹೋಗ್ಲಿ ಅಂತ. ಬೈಕಿನವರು ಮೇಲಿಂದ ಸುರೀತಾರೆ. ಕೆಳಗಿಂದ ಪಂಪ್ ಮಾಡೋದು ವಾಯುಪಡೆ ಕ್ರಮ. ಕೆಲಸ ಆದಮೇಲೆ ಒಂದು ಹನಿ ಬಿಡದ ಹಾಗೆ ಒರೆಸಿದ್ರಿ. ನಿಪ್ಪಲ್ ಸಡಿಲ ಆಗದ ಹಾಗೆ ತಂತಿ ಸುತ್ತಿದ್ರಿ. ಎಂಟು ಸುತ್ತು, ಎಲ್ಲ ಒಂದೇ ಸಮ, ತುದಿ ಒಳಕ್ಕೆ ಮಡಚಿದೆ. ಯಾರಿಗೂ ಕೈ ಗೀರಬಾರದು ಅಂತ ಅಲ್ವಾ?" ವಿಲ್ಮಾ ಮುಂದಕ್ಕೆ ಬಾಗಿದಳು. "ಅಲೋಯಿಸ್ ಅವರೇ, ಕೊಲ್ಲೋಕೆ ಬಂದೋನು ಒರೆಸಿ ಹೋಗಲ್ಲ."

ಮುದುಕ ಭರಣಿಯ ಮುಚ್ಚಳವನ್ನು ಮತ್ತೆ ಬಿಗಿದ.

"ಬಲಕ್ಕೆ ಎಳೀತಿತ್ತು," ಎಂದ ಕೊನೆಗೆ. ದನಿ ಇಳಿದಿತ್ತು. "ಅವನಿಗೆ ಅದು ತಿಳಿಯಲ್ಲ. ಹೆಗ್ಗಾಲು, ಎರಡು ಪೆಡಲ್ಲೂ ಒಂದೇ ಸಮ ತುಳೀತಾನೆ. ಬಿಟ್ಟಿದ್ರೆ ಒಂದಿನ ಬೇಲಿಗೆ ಗುದ್ದುತಿದ್ದ. ಹೇಳೋಣ ಅಂದ್ರೆ ಮಾತಿಲ್ಲ. ಅದಕ್ಕೆ ಯಾರಿಗೂ ತಿಳೀದ ಹಾಗೆ ಮಾಡಿಟ್ಟು ಬಂದೆ."

"ಅದನ್ನ ಸೋಮವಾರವೇ ಹೇಳಿದ್ರೆ ಏನಾಗ್ತಿತ್ತು?"

"ಏನಾಗ್ತಿತ್ತಾ? ಅಲೋಯಿಸ್ ಸೋತು ಬಂದು ಕಾಲು ಹಿಡಿದ ಅಂತ ಇಡೀ ಕ್ಲಬ್ಬು ನಗ್ತಿತ್ತು. ಜೈಲೇ ವಾಸಿ." ಅವನು ಮತ್ತೆ ಭರಣಿ ನೋಡಿದ. "ಆದ್ರೆ ಈ ಹಳದಿ ಯಾಕಮ್ಮ? ನಾವು ಹಾಕಿದ್ದು ವಿಮಾನದ ಬ್ರೇಕು. ನಾನೇ ಕೂರಿಸಿದ್ದು."

"ಮಾರ್ಚಿನಲ್ಲಿ ಒತಕಾರ್ ಅದನ್ನ ಬಿಚ್ಚಿದ್ರು. ಬಿಡಿಭಾಗ ಸಿಗಲಿಲ್ಲ ಅಂತ ಹೊರಗಿನ ಕವಚ ಹಾಗೇ ಬಿಟ್ಟು ಒಳಗೆಲ್ಲ ಬೈಕಿನದು ಕೂರಿಸಿದ್ರು. ಬೈಕಿನ ಸಿಲಿಂಡರು, ಬೈಕಿನ ರಬ್ಬರು, ಬೈಕಿನ ಎಣ್ಣೆ."

ವಿಲ್ಮಾ ಜೇಬಿನಿಂದ ಎರಡು ರಬ್ಬರ್ ಉಂಗುರಗಳನ್ನು ತೆಗೆದು ಅವನ ಮುಂದಿಟ್ಟಳು. ಒಂದು ಹೊಸದು, ತೆಳ್ಳಗೆ ಬಿಗಿಯಾಗಿತ್ತು. ಇನ್ನೊಂದು ರಾತ್ರಿಯಿಡೀ ನೆನೆದ ಕಡಲೆಯ ಹಾಗೆ ಉಬ್ಬಿ ಮೆತ್ತಗಾಗಿತ್ತು. ಆ ರಬ್ಬರಿಗೆ ವಿಮಾನದ ಕೆಂಪೆಣ್ಣೆ ತಾಗಬಾರದು. ತಾಗಿದರೆ ಒಂದೆರಡು ದಿನದಲ್ಲಿ ಊದಿಕೊಳ್ಳುತ್ತದೆ, ಬ್ರೇಕು ಹಿಡಿದರೆ ಬಿಡುವುದಿಲ್ಲ.

ಅಲೋಯಿಸ್ ಉಬ್ಬಿದ ಉಂಗುರವನ್ನು ಬೆರಳುಗಳ ನಡುವೆ ಹಿಸುಕಿ ನೋಡಿದ.

"ಹಾಗಾದ್ರೆ ನಾನೇ," ಎಂದ. "ಸರಿಮಾಡೋಕೆ ಹೋಗಿ ನಾನೇ ಅವನನ್ನ ಮರಕ್ಕೆ ಹೊಡೆಸಿದೆ."

"ಹೌದು. ಆದ್ರೆ ಅದು ಕೊಲೆ ಯತ್ನ ಅಲ್ಲ. ಮೂರು ತಿಂಗಳು ಮಾತು ಬಿಟ್ಟಿದ್ದಕ್ಕೆ ಬಿದ್ದ ದಂಡ." ವಿಲ್ಮಾ ಗಡಿಯಾರ ಕಟ್ಟಿಕೊಂಡಳು. "ಏಳಿ. ಹನ್ನೆರಡಾಗೋಕೆ ಇನ್ನೂ ಹೊತ್ತಿದೆ. ನಾನು ಸರ್ಕಾರಿ ವಕೀಲರಿಗೆ ಫೋನ್ ಮಾಡ್ತೀನಿ, ನೀವು ಮುಖ ತೊಳ್ಕೊಳ್ಳಿ. ಆಸ್ಪತ್ರೆಗೆ ಈ ಮುಖ ಹೊತ್ಕೊಂಡು ಬಂದ್ರೆ ನಿಮ್ಮನ್ನೇ ದಾಖಲು ಮಾಡ್ಕೋತಾರೆ."

* * *

ಒತಕಾರ್ ಮಂಚದಲ್ಲಿ ಒರಗಿ ಕುಳಿತು ಪತ್ರಿಕೆ ಓದುತ್ತಿದ್ದ. ಎಡಗೈ ಎದೆಗೆ ಕಟ್ಟಿತ್ತು. ಕನ್ನಡಕದ ಮೇಲಿನಿಂದ ಬಾಗಿಲ ಕಡೆ ನೋಡಿ, ವಿಲ್ಮಾಳ ಹಿಂದೆ ಟೋಪಿ ಹಿಸುಕುತ್ತ ನಿಂತವನನ್ನು ಕಂಡ.

"ಬಾರೋ ಕೊಲೆಗಡುಕ," ಎಂದ.

ವಿಲ್ಮಾ ದಾರಿಯಲ್ಲೇ ಫೋನಿನಲ್ಲಿ ಎಲ್ಲವನ್ನೂ ಅವನಿಗೆ ಹೇಳಿದ್ದಳು. ಆದರೂ ಆ ಮಾತು ಬೀಳುವವರೆಗೆ ಅವಳೂ ಉಸಿರು ಬಿಗಿಹಿಡಿದಿದ್ದಳು.

"ನಿನ್ನ ಮೂಳೆ…" ಅಲೋಯಿಸ್ ಶುರುಮಾಡಿದ.

"ಮೂಳೆ ಕೂಡ್ಕೊಳತ್ತೆ. ರೆಕ್ಕೆ ಬಟ್ಟೆ ಹರಿದಿದೆ, ಅದನ್ನ ನೀನೇ ಹೊಲೀಬೇಕು. ಮೂಳೆ ಎರಡು ತುಂಡಾಯ್ತು, ಕನ್ನಡಕಕ್ಕೆ ಒಂದು ಗೀರಿಲ್ಲ ನೋಡು. ನಂಗಿರೋದು ಇದೊಂದೇ ಅಂತ ಆ ಪ್ಲಮ್ ಮರಕ್ಕೂ ಗೊತ್ತಿತ್ತು. ಇಲ್ಲಿಗೆ ತಂದು ಮಲಗಿಸಿದಾಗಲೂ ಮೂಗಿನ ಮೇಲೇ ಇತ್ತು."

"ತಪ್ಪು ನಂದು ಕಣೋ."

"ನಂದು. ಬೈಕಿನ ಎಣ್ಣೆ ಮಾತ್ರ ಹಾಕಿ ಅಂತ ಬ್ರೇಕಿನ ಡಬ್ಬಿ ಮೇಲೆ ಒಂದು ಚೀಟಿ ಅಂಟಿಸಬೇಕಿತ್ತು. ವಿಮಾನ ಕಟ್ಟೋ ಯಾವ ಮಗು ಬೇಕಾದ್ರೂ ಅಷ್ಟು ಮಾಡತ್ತೆ. ವಿಮಾನದ ದಾಖಲೆ ಪುಸ್ತಕದಲ್ಲಿ ಬರೆದೆ, ಸಾಕು ಅಂದ್ಕೊಂಡೆ."

"ಆ ಪುಸ್ತಕ ನನ್ನ ಮೂಗಿನ ಮುಂದೆ ದಾರದಲ್ಲಿ ತೂಗಾಡ್ತಿತ್ತು. ತೆರೀಲಿಲ್ಲ. ನಿನ್ನ ಕಾಗೆ ಕಾಲಿನ ಅಕ್ಷರ ಇನ್ನು ನೋಡಲ್ಲ ಅಂತ ಆಣೆ ಹಾಕ್ಕೊಂಡಿದ್ದೆ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಒತಕಾರ್ ಮೊದಲು ನಕ್ಕ. ನಕ್ಕರೆ ಭುಜ ನೋಯುತ್ತದೆಂದು ಹಲ್ಲು ಕಚ್ಚಿದ, ಅದಕ್ಕೆ ಮತ್ತಷ್ಟು ನಗು ಬಂತು. ಅಲೋಯಿಸ್ ಮಂಚದ ಅಂಚಿನಲ್ಲಿ ಕುಳಿತು ಟೋಪಿಯಿಂದ ಕಣ್ಣೊರೆಸಿಕೊಂಡ, ಅದನ್ನು ಮರೆಮಾಡಲೂ ಹೋಗಲಿಲ್ಲ.

ಕಿಟಕಿಯ ಬಳಿ ಒತಕಾರನ ಹೆಂಡತಿ ಹೆದ್ವಿಕಾ ಬುಟ್ಟಿಯಿಂದ ಪ್ಲಮ್ ಹಾಕಿದ ಬನ್ನುಗಳನ್ನು ತೆಗೆದು ತಟ್ಟೆಗೆ ಜೋಡಿಸುತ್ತಿದ್ದಳು. ನಿನ್ನೆ ಹ್ಯಾಂಗರಿನ ಬಾಗಿಲಲ್ಲಿ ಇದೇ ಬುಟ್ಟಿ ಹಿಡಿದು ಬಿಕ್ಕಿ ಅಳುತ್ತಿದ್ದವಳು ಇವಳೇ ಎಂದರೆ ನಂಬುವ ಹಾಗಿರಲಿಲ್ಲ. ಮುಖ ಅಷ್ಟು ಅರಳಿತ್ತು.

"ತಿನ್ನಿ ಅಲೋಯಿಸಣ್ಣ. ಎರಡು ದಿನ ಠಾಣೆ ಸೂಪು ಕುಡಿದು ಹೆಣದ ಹಾಗಾಗಿದೀರ," ಎಂದು ತಟ್ಟೆ ಮುಂದೆ ಹಿಡಿದಳು. "ನೀವೂ ತಗೋಳಿ ತಾಯಿ. ನೀವಿಲ್ದಿದ್ರೆ ಇವರಿಬ್ಬರ ಹಟಕ್ಕೆ ನಾನು ಸಾಯ್ತಿದ್ದೆ. ಎಣ್ಣೆಗೋಸ್ಕರ ಜಗಳ ಅಂದ್ರೆ ಏನ್ರೀ? ನಂಗೆ ಗೊತ್ತಿರೋದು ಬಾಣಲೆ ಎಣ್ಣೆ ಒಂದೇ."

ವಿಲ್ಮಾ ಎರಡು ಬನ್ನು ತಿಂದಳು. ಮೂರು ದಿನದಲ್ಲಿ ಇದೇ ಮೊದಲು ಅವಳಿಗೆ ಹಸಿವು ಹಸಿವಿನಂತೆ ಕಂಡದ್ದು. ಇಪ್ಪತ್ತು ವರ್ಷದ ನೌಕರಿಯಲ್ಲಿ ಕಡತ ಮುಚ್ಚುವಾಗ ಯಾರೋ ಒಬ್ಬರು ಅಳುತ್ತಿದ್ದರು. ಇವತ್ತು ಅತ್ತವರೆಲ್ಲ ನಗುತ್ತಲೇ ಅತ್ತಿದ್ದರು.

"ಒಂದು ಕೆಲಸ ಮಾಡು," ಒತಕಾರ್ ಗೆಳೆಯನಿಗೆ ಹೇಳಿದ. "ಪ್ರಾಪೆಲ್ಲರು ಮರಕ್ಕೆ ತಾಗಿದೆ. ಒಳಗೆ ಗೇರು ಏನಾಗಿದೆಯೋ ಏನೋ. ಎಂಜಿನ್ ಎಣ್ಣೆ ಇಳಿಸಿ ಲೋಹದ ಚೂರು ಇದೆಯಾ ನೋಡು. ಏಪ್ರಿಲ್‌ನಿಂದ ನಲವತ್ತು ಗಂಟೆ ಹಾರಿರೋ ಎಣ್ಣೆ. ಚೆಲ್ಲಬೇಡ, ಬಟ್ಟೇಲಿ ಸೋಸು. ಈಚೆಗೆ ಅದ್ಯಾಕೋ ಗೇರ್ ಪೆಟ್ಟಿಗೆ ಬೇರೆ ಥರ ಗುರ್ ಅಂತಿತ್ತು."

"ಇವತ್ತೇ ನೋಡ್ತೀನಿ."

"ಅಷ್ಟೇನು ಅವಸರ?" ಹೆದ್ವಿಕಾ ಎಂದಳು. "ಇವತ್ತು ತಾನೇ ಬಿಟ್ಟಿದಾರೆ. ಮನೆಗೆ ಹೋಗಿ ಮಲಗಲಿ. ಎಣ್ಣೆ ಎಲ್ಲೂ ಓಡಿಹೋಗಲ್ಲ."

"ಮಲಗಿದ್ದು ಸಾಕಮ್ಮ," ಅಲೋಯಿಸ್ ಎದ್ದ. "ಹೊಸದು ಯಾವುದು ಹಾಕಲಿ?"

"ನೀನೇ ಹೇಳು."

ಅಲೋಯಿಸ್ ಟೋಪಿ ಇಟ್ಟುಕೊಂಡ, ತೆಗೆದ, ಮತ್ತೆ ಇಟ್ಟುಕೊಂಡ.

"ಹಾಳಾಗಲಿ. ಮೋಟಾರ್‌ಸೈಕಲ್‌ದೇ ಹಾಕ್ತೀನಿ," ಎಂದ.

* * *

ಎರಡು ಗಂಟೆಗೆ ವಿಲ್ಮಾ ಹ್ಯಾಂಗರಿನ ಬಾಗಿಲಿಗೆ ತಾನೇ ಅಂಟಿಸಿದ್ದ ಮೊಹರನ್ನು ಕಿತ್ತು ಬೀಗ ತೆರೆದಳು. ಕಡತಕ್ಕೆ ಕೊನೆಯ ಸಾಲು ಬರೆಯುವುದೊಂದೇ ಬಾಕಿ. ಹೊರಗೆ ಕತ್ತರಿಸಿದ ಹುಲ್ಲಿನ ವಾಸನೆ ಇತ್ತು, ಯಾರದೋ ಗ್ಲೈಡರ್ ಸದ್ದಿಲ್ಲದೆ ಇಳಿಯುತ್ತಿತ್ತು. ಮನೆಗೆ ಹೋಗಿ ಕಾಲು ಚಾಚಿ ಕುಳಿತುಕೊಳ್ಳಬೇಕೆಂದು ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡಳು.

ಒಳಗೆ ವಿಮಾನ ಒಂದು ರೆಕ್ಕೆ ಜೋತುಬಿಟ್ಟು ನಿಂತಿತ್ತು. ಅಲೋಯಿಸ್ ಮೊದಲು ಅದರ ಮೂತಿಯನ್ನು ಅಂಗೈಯಿಂದ ಸವರಿದ. ಮೂರು ತಿಂಗಳಾಗಿತ್ತು ಅವನು ಅದನ್ನು ಹಗಲಿನಲ್ಲಿ ಮುಟ್ಟಿ. ಆಮೇಲೆ ಎಂಜಿನ್ ಮುಚ್ಚಳ ತೆಗೆದು, ಎಣ್ಣೆ ತೊಟ್ಟಿಯ ಮುಚ್ಚಳ ತಿರುಗಿಸಿ, ಅಳೆಯುವ ಕಡ್ಡಿಯನ್ನು ಎಳೆದ.

ಎಳೆದವನು ಹಾಗೇ ನಿಂತ.

"ಏನಾಯ್ತು?"

"ನಲವತ್ತು ಗಂಟೆ ಹಾರಿರೋ ಎಣ್ಣೆ ಯಾವ ಬಣ್ಣ ಇರತ್ತೆ ಗೊತ್ತಾ ಕ್ಯಾಪ್ಟನಮ್ಮ?"

"ಅಪ್ಪನ ಶೆಡ್ಡಿನಲ್ಲಿ ನೋಡಿದೀನಿ. ಕರೀ ಬೆಲ್ಲದ ಪಾಕದ ಹಾಗೆ."

ಅವನು ಕಡ್ಡಿಯನ್ನು ಬೆಳಕಿಗೆ ಹಿಡಿದ. ಅದರ ತುದಿಯಲ್ಲಿ ತೊಟ್ಟಿಕ್ಕುತ್ತಿದ್ದ ಹನಿ ಹೊಸ ಜೇನಿನ ಹಾಗೆ ಹೊಳೆಯುತ್ತಿತ್ತು.

"ಒತಕಾರ್ ಈಚೆಗೆ ಬದಲಾಯಿಸಿರಬಹುದು," ವಿಲ್ಮಾ ಎಂದಳು. ಹಾಗಿರಲಿ ಎಂದು ಅವಳಿಗೆ ಆಸೆ.

"ಬದಲಾಯಿಸಿದ್ರೆ ಪುಸ್ತಕದಲ್ಲಿ ಬರೀತಾನೆ." ಅಲೋಯಿಸ್ ಈ ಸಲ ಪುಸ್ತಕವನ್ನು ತೆರೆದೇ ನೋಡಿದ. ಏಪ್ರಿಲ್ ಎರಡರ ನಂತರ ಎಣ್ಣೆಯ ಮಾತಿರಲಿಲ್ಲ. ಅವನು ತೊಟ್ಟಿಯಿಂದ ಎಂಜಿನ್ನಿಗೆ ಹೋಗುವ ಕೊಳವೆಯ ತಿರುಪನ್ನು ಸಡಿಲಿಸಿ ಕೆಳಗೆ ಬಿಳಿ ಬಟ್ಟೆ ಹಿಡಿದ. ತಿರುಪಿನ ಎಂಜಿನ್ ಬದಿಯಿಂದ ಒಂದು ಹನಿ ಬಿತ್ತು. ಅದು ಮಸಿಯಷ್ಟು ಕಪ್ಪಗಿತ್ತು.

"ತೊಟ್ಟೀಲಿ ಹೊಸದು, ಎಂಜಿನ್ನಿನೊಳಗೆ ಹಳೇದು. ಇದನ್ನ ಸುರಿದಮೇಲೆ ಎಂಜಿನ್ ಒಂದು ಸುತ್ತೂ ತಿರುಗಿಲ್ಲ. ತಿರುಗಿದ್ರೆ ಎರಡೂ ಬೆರೀತಿತ್ತು."

"ಅಂದ್ರೆ?"

"ಅಂದ್ರೆ ವಿಮಾನ ಮರಕ್ಕೆ ಗುದ್ದಿದ ಮೇಲೆ ಇಲ್ಲಿ ಯಾರೋ ಹಳೇ ಎಣ್ಣೆ ಇಳಿಸಿ ತಗೊಂಡು ಹೋಗಿದಾರೆ. ಮೂರು ಲೀಟರ್. ಬದಲಿಗೆ ಕಪಾಟಿನಲ್ಲಿದ್ದ ಹೊಸ ಡಬ್ಬಿ ಸುರಿದಿದಾರೆ." ಅವನು ಬಟ್ಟೆ ಮಡಚಿದ. ಇದ್ದಕ್ಕಿದ್ದಂತೆ ನಿಟ್ಟುಸಿರು ಬಿಟ್ಟು ಎದೆ ಮುಟ್ಟಿಕೊಂಡ. "ದೇವರು ದೊಡ್ಡೋನು. ಠಾಣೇಲಿ ಕೂಡಿಹಾಕಿದ್ರಲ್ಲ, ನಿಮಗೆ ಪುಣ್ಯ ಬರಲಿ. ಇಲ್ದಿದ್ರೆ ಇದೂ ನನ್ನ ತಲೆಗೇ ಬರ್ತಿತ್ತು."

ಅವನಿಗೆ ನಗು ಬಂದಿತ್ತು. ವಿಲ್ಮಾಗೆ ಬರಲಿಲ್ಲ. ಹಳೆಯ ಎಣ್ಣೆ ಯಾರಿಗೂ ಬೇಡದ ವಸ್ತು. ಅದನ್ನು ಕದಿಯುವವರು ಎಣ್ಣೆಗಾಗಿ ಕದಿಯುವುದಿಲ್ಲ, ಅದರಲ್ಲಿ ಇರುವುದನ್ನು ಯಾರೂ ನೋಡಬಾರದೆಂದು ಕದಿಯುತ್ತಾರೆ. ಗೇರ್ ಪೆಟ್ಟಿಗೆ ಬೇರೆ ಥರ ಗುರ್ ಅನ್ನುತ್ತಿತ್ತು ಎಂದಿದ್ದ ಒತಕಾರ್. ಆ ಎಣ್ಣೆಗೆ ಯಾರಾದರೂ ಏನಾದರೂ ಬೆರೆಸಿದ್ದರೆ?

"ಕಿಟಕಿ ಇಲ್ಲ, ಬೇರೆ ಬಾಗಿಲಿಲ್ಲ," ಅಲೋಯಿಸ್ ಸುತ್ತ ನೋಡಿದ. "ಬೀಗ ಮುರಿದಿಲ್ಲ. ಕೀ ಯಾರ ಹತ್ರ ಇತ್ತು?"

"ನನ್ನ ಹತ್ರ. ಶನಿವಾರದಿಂದ."

"ಯಾರಿಗೂ ತೆಗೆದುಕೊಟ್ಟಿಲ್ವಾ?"

ಇಲ್ಲ ಎನ್ನಲು ವಿಲ್ಮಾ ಬಾಯಿ ತೆರೆದಳು. ಅಷ್ಟರಲ್ಲಿ ಕೈಯಲ್ಲಿದ್ದ ಕಿತ್ತ ಮೊಹರು ಕಣ್ಣಿಗೆ ಬಿತ್ತು.

ಒಮ್ಮೆ ಬಾಗಿಲು ತೆರೆದಿದ್ದಳು. ನಿನ್ನೆ ಬೆಳಿಗ್ಗೆ. ಅತ್ತು ಅತ್ತು ಮೂಗು ಕೆಂಪಾಗಿಸಿಕೊಂಡಿದ್ದ ಹೆಂಗಸಿನ ಮೇಲೆ ಕರುಣೆ ಬಂದು ತಾನೇ ಮೊಹರು ತೆಗೆದಿದ್ದಳು. ಸರ್ಕಾರಿ ವಕೀಲರ ಫೋನ್ ಬಂದದ್ದರಿಂದ ಅರ್ಧ ಗಂಟೆ ಹೊರಗೇ ನಿಂತು ಮಾತಾಡಿದ್ದಳು. ಆಮೇಲೆ ಹೆದ್ವಿಕಾ ಹೊರಗೆ ಬಂದಿದ್ದಳು. ಒಳಗೆ ಹೋಗುವಾಗ ತೋಳಿಗೆ ಸಿಕ್ಕಿಸಿಕೊಂಡಿದ್ದ ಬುಟ್ಟಿಯನ್ನು ಹೊರಗೆ ಬರುವಾಗ ಎರಡೂ ಕೈಯಲ್ಲಿ ಅಪ್ಪಿ ಹಿಡಿದಿದ್ದಳು.

"ಅವರ ಕನ್ನಡಕ ವಿಮಾನದೊಳಗೇ ಬಿದ್ದಿದೆ ತಾಯಿ," ಎಂದಿದ್ದಳು ಒಳಗೆ ಹೋಗುವ ಮೊದಲು. "ಅದಿಲ್ದೆ ಪಾಪ, ಮಂಚದಲ್ಲಿ ಕಣ್ಣು ಕಟ್ಟಿದ ಹಾಗೆ ಕೂತಿದಾರೆ."

ಒತಕಾರನಿಗೆ ಇರುವುದು ಒಂದೇ ಕನ್ನಡಕ. ಶನಿವಾರ ಅವನನ್ನು ಆಸ್ಪತ್ರೆಗೆ ತಂದಾಗ ಅದು ಅವನ ಮೂಗಿನ ಮೇಲೇ ಇತ್ತು.